ಸ್ಯಾಟಿನ್ ರಾಯಣ್ಣನೂ ಉಣ್ಣೆಯ ಹೈಲ್ಯಾಂಡರೂ

ಕಳೆದ ರಾಜ್ಯೋತ್ಸವಕ್ಕೆ ಪಕ್ಕದ ಮನೆಯ ಅಜ್ಜನನ್ನೂ ಕರೆದುಕೊಂಡು ಹೋಗಿದ್ದೆವು. ಸ್ಕಾಟ್ಲೆಂಡಿನ ಈ ಇನ್ವರ್ನೆಸ್‌ನಲ್ಲಿ ಕಷ್ಟಸುಖಕ್ಕೆ ಅಂತ ನಮಗಿರುವುದು ಅವರೇ. ಮಕ್ಕಳ ವೇಷಭೂಷಣ ಸ್ಪರ್ಧೆ ನಡೆಯುತ್ತಿತ್ತು. ಪುಟ್ಟ ಸಂಗೊಳ್ಳಿ ರಾಯಣ್ಣನೊಬ್ಬ ಮಿರಮಿರ ಮಿಂಚುವ ಸ್ಯಾಟಿನ್ ಅಂಗಿ ತೊಟ್ಟು, ಪ್ಲಾಸ್ಟಿಕ್ ಕತ್ತಿ ಬೀಸುತ್ತಾ ಬಂದ. ಚಪ್ಪಾಳೆಯೋ ಚಪ್ಪಾಳೆ. ಅಜ್ಜ ನನ್ನ ಕಡೆ ಬಾಗಿ, "ಇವರು ಯಾವ ಕಾಲದವರು?" ಅಂದರು. ಕಿತ್ತೂರು, 1824ರ ಕಾಳಗ, 1831ರಲ್ಲಿ ನಂದಗಡದ ಗಲ್ಲು, ಎಲ್ಲ ಹೆಮ್ಮೆಯಿಂದ ಹೇಳಿದೆ. ಕೇಳಿಸಿಕೊಂಡು ಮತ್ತೆ ಕೇಳಿದರು: "ಆಗ ಅವರು ಉಡುತ್ತಿದ್ದ ಬಟ್ಟೆ ಯಾವುದು? ಹತ್ತಿಯಾ, ಉಣ್ಣೆಯಾ?"

ಮಕ್ಕಳ ಕಾರ್ಯಕ್ರಮ ಅಲ್ವಾ ಅಂತ ನಕ್ಕು ಸುಮ್ಮನಾದೆ. ಆದರೆ ಮಾತು ಚುಚ್ಚಿತು. ರಾಯಣ್ಣನ ಬಗ್ಗೆ ಭಾಷಣ ಕೇಳಿದ್ದೇನೆ, ಲಾವಣಿ ಕೇಳಿದ್ದೇನೆ. ಅವನ ಮೈಮೇಲೆ ಎಂಥ ಬಟ್ಟೆ ಇತ್ತು ಅಂತ ಯಾರೂ ಕೇಳಿದ್ದು ನೆನಪಿಲ್ಲ.

ಅಜ್ಜನಿಗೆ ಇದು ಸುಮ್ನೆ ಬಂದ ಪ್ರಶ್ನೆಯಲ್ಲ. ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಬೇಸಿಗೆಯ ಶನಿವಾರ ಭಾನುವಾರ ಅವರು 1745ರ ಜಾಕೊಬೈಟ್ ಸಿಪಾಯಿ. ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ತನ್ನ ತಂದೆಗೆ ಬ್ರಿಟನ್ನಿನ ಸಿಂಹಾಸನ ಕೊಡಿಸಲು ಎದ್ದ ದಂಗೆ ಅದು; ಅವನ ಕಡೆಯವರೇ ಜಾಕೊಬೈಟರು. 1746ರ ಏಪ್ರಿಲ್ 16ರಂದು ನಮ್ಮೂರಿನ ಪಕ್ಕದ ಕಲ್ಲೊಡನ್ ಬಯಲಿನಲ್ಲಿ ಸೋತು ಮುಗಿಯಿತು. ಆ ಕಾಲದ ಶಿಬಿರ, ಕವಾಯತು, ಅಡುಗೆ ಎಲ್ಲವನ್ನೂ ಮತ್ತೆ ಆಡಿ ತೋರಿಸುವ ಗುಂಪಿನಲ್ಲಿ ಅಜ್ಜನೂ ಒಬ್ಬರು.

ಅವರು ಉಡುವುದನ್ನು ನಮ್ಮ ಹಿತ್ತಲ ಬೇಲಿಯಿಂದ ನೋಡಬೇಕು. ಇಲ್ಲಿನ ಮದುವೆಗಳಲ್ಲಿ ಗಂಡಸರು ಉಡುವ, ನೆರಿಗೆ ಹೊಲಿದ ಲಂಗದಂಥ ಕಿಲ್ಟ್ ಅಲ್ಲ ಅದು. ನೆರಿಗೆಗೆ ಹೊಲಿಗೆಯೇ ಇಲ್ಲದ ಉದ್ದನೆಯ ಉಣ್ಣೆ ಬಟ್ಟೆ, ನಾಲ್ಕೈದು ಗಜ. ಆಗಿನ ಮಗ್ಗ ಕಿರಿದು, ಹಾಗಾಗಿ ಎರಡು ಪಟ್ಟಿ ಸೇರಿಸಿ ಅಗಲ ಮಾಡಿದ್ದು. ಹುಲ್ಲಿನ ಮೇಲೆ ಮೊದಲು ಬೆಲ್ಟು. ಅದರ ಮೇಲೆ ಬಟ್ಟೆ ಹಾಸುತ್ತಾರೆ. ಮಂಡಿಯೂರಿ ಕೂತು ಒಂದೊಂದೇ ನೆರಿಗೆ ಹಿಡಿಯುತ್ತಾರೆ, ನಮ್ಮಮ್ಮ ಸೀರೆಗೆ ಹಿಡಿಯುವ ಹಾಗೆಯೇ. ಆಮೇಲೆ ಅದರ ಮೇಲೆ ಅಂಗಾತ ಮಲಗಿ, ಎರಡೂ ಬದಿ ಹೊದ್ದು, ಬೆಲ್ಟು ಬಿಗಿದು ಏಳುತ್ತಾರೆ. ಕೆಳಗಿನ ಭಾಗ ಮೊಣಕಾಲಿನವರೆಗೆ ಇಳಿಯುತ್ತದೆ. ಮೇಲಿನದ್ದು ಹೆಗಲಿಗೆ. ಮಳೆ ಬಂದರೆ ಅದೇ ತಲೆಗೆ, ರಾತ್ರಿಗೆ ಅದೇ ಹೊದಿಕೆ. ಹೀಗೆ ಮಲಗಿ ಉಡುತ್ತಿದ್ದರೋ ನಿಂತೇ ಉಡುತ್ತಿದ್ದರೋ ಅಂತ ಅವರವರಲ್ಲೇ ಇನ್ನೂ ಜಗಳ ಮುಗಿದಿಲ್ಲ.

ಶಿಬಿರಕ್ಕೆ ಹೋದರೆ ಇನ್ನೂ ಜಾಸ್ತಿ. ಒಬ್ಬಾಕೆ ಎಲ್ಲರ ಅಂಗಿಯ ಅಂಚು ಮಗುಚಿ ನೋಡುತ್ತಾರೆ. ಮಿಷನ್ ಹೊಲಿಗೆ ಕಂಡರೆ ಮುಖ ಸಿಂಡರಿಸುತ್ತಾರೆ. ಕೈಗಡಿಯಾರ ಬಿಚ್ಚಬೇಕು. ಕಾಲುಚೀಲ ಹೆಣೆದದ್ದಲ್ಲ, ಟಾರ್ಟನ್ ಅನ್ನುವ ಚೌಕಳಿ ಉಣ್ಣೆ ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿ ಹಿಂದುಗಡೆ ಹೊಲಿದದ್ದು. ಹೊಸ ಹುಡುಗನೊಬ್ಬ ಕಾಲುಚೀಲದಲ್ಲಿ ಪುಟ್ಟ ಚಾಕು ಸಿಕ್ಕಿಸಿಕೊಂಡು ಬಂದಿದ್ದ. "ಅದು ಮುಂದಿನ ಶತಮಾನದ ಶೋಕಿ, ತೆಗಿ" ಅಂದರು ಅಜ್ಜ. ಪ್ರವಾಸಿಗರು ಬಂದು "ನಿಮ್ಮದು ಯಾವ ಮನೆತನದ ಟಾರ್ಟನ್?" ಅಂತ ಕೇಳುವುದು ಮಾಮೂಲು. ಇಂಥ ಮನೆತನಕ್ಕೆ ಇಂಥದೇ ಚೌಕಳಿ ಅನ್ನುವ ಕಟ್ಟುಪಾಡು ಆಗ ಇರಲಿಲ್ಲ ಅಂತ ಅಜ್ಜ ಶುರು ಮಾಡುತ್ತಾರೆ. ಡೇವಿಡ್ ಮೋರಿಯರ್ ಬಿಡಿಸಿದ ಆ ದಂಗೆಯ ಚಿತ್ರದಲ್ಲಿ ಒಬ್ಬೊಬ್ಬ ಹೈಲ್ಯಾಂಡರನ, ಅಂದರೆ ಸ್ಕಾಟ್ಲೆಂಡಿನ ಬೆಟ್ಟನಾಡಿನವನ, ಮೈಮೇಲೂ ಬೇರೆ ಬೇರೆ ಚೌಕಳಿ, ಅಂಗಿಗೊಂದು ಕಾಲುಚೀಲಕ್ಕೊಂದು. ಜಾಕೊಬೈಟರು ತಮ್ಮವರನ್ನು ಗುರುತು ಹಿಡಿಯುತ್ತಿದ್ದದ್ದು ನೀಲಿ ಟೋಪಿಯ ಮೇಲಿನ ಬಿಳಿ ರಿಬ್ಬನ್ನಿನ ಗಂಟು ನೋಡಿ.

ಈಗ ನಮ್ಮ ಮೆರವಣಿಗೆಗಳನ್ನು ನೆನಪಿಸಿಕೊಳ್ಳಿ. ಇಮ್ಮಡಿ ಪುಲಕೇಶಿ ಏಳನೇ ಶತಮಾನದವನು. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ನಡುವೆ ಸುಮಾರು ಒಂಬೈನೂರು ವರ್ಷ. ಟ್ರಾಕ್ಟರ್ ಮೇಲೆ ನಿಂತಾಗ ಇಬ್ಬರಿಗೂ ಒಂದೇ ಮಖಮಲ್ಲಿನ ನಿಲುವಂಗಿ, ಒಂದೇ ರಟ್ಟಿನ ಕಿರೀಟ, ಒಂದೇ ಬಾಡಿಗೆ ಅಂಗಡಿ. ಕೆಂಪೇಗೌಡರಿಗೂ ಅದೇ. ಸಾಕ್ಷಿ ಇಲ್ಲ ಅಂತಲ್ಲ. ತಿರುಮಲದಲ್ಲಿ ಕೃಷ್ಣದೇವರಾಯ ಇಬ್ಬರು ರಾಣಿಯರ ನಡುವೆ ಕೈ ಮುಗಿದು ನಿಂತ ಲೋಹದ ವಿಗ್ರಹವೇ ಇದೆ. ತಲೆಗೆ ಎತ್ತರದ ಟೋಪಿ, ಸೊಂಟದ ಕೆಳಗೆ ಪಂಚೆ, ಮೇಲೆ ಬರಿಮೈ. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲೂ ಅಂಥ ಟೋಪಿಯವರು ಸಾಲುಸಾಲಾಗಿ ಇದ್ದಾರೆ. ವೆಂಕಟೇಶ್ವರನಿಗೆ ಕೈ ಮುಗಿಯಲು ವರ್ಷ ವರ್ಷ ಹೋಗುತ್ತೇವೆ, ದಾರಿಯಲ್ಲಿರುವ ರಾಯನನ್ನು ನೋಡುವಷ್ಟು ಪುರುಸೊತ್ತಿಲ್ಲ. ಬೇಲೂರಿನ ಕಲ್ಲಿನ ಒಡವೆಗಳ ಮಣಿ ಮಣಿ ಎಣಿಸಬಹುದು. ಆದರೆ ಶಾಂತಲೆ ವೇಷದ ಹುಡುಗಿಗೆ ಭರತನಾಟ್ಯದ ಡ್ರೆಸ್ ಹಾಕಿ ಕಳಿಸುತ್ತೇವೆ. ನಮಗೆ ಮಿಂಚಿದರೆ ಸಾಕು. ಅದು ಯಾರದು, ಯಾವಾಗಿನದು ಅಂತ ಕೇಳುವವನು ತಲೆಹರಟೆ.

ಇದನ್ನೆಲ್ಲ ಅಜ್ಜನ ಎದುರು ಹೇಳಿಕೊಂಡು ಕೊರಗಿದೆ. ಅವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಕಲ್ಲೊಡನ್ ಆದ ಮೇಲೆ ಬಂದ ಕಾನೂನಿನ ಬಗ್ಗೆ ಹೇಳಿದರು. ಸೈನ್ಯದಲ್ಲಿ ಇಲ್ಲದ ಗಂಡಸು ಹೈಲ್ಯಾಂಡ್ ಉಡುಪು ತೊಟ್ಟರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕಿಬಿದ್ದರೆ ಏಳು ವರ್ಷ ಸಮುದ್ರದಾಚೆ ಗಡೀಪಾರು. 1782ರಲ್ಲಿ ಅದನ್ನು ತೆಗೆದುಹಾಕುವಷ್ಟರಲ್ಲಿ ದಿನಾ ಉಡುತ್ತಿದ್ದವರ ರೂಢಿಯೇ ತಪ್ಪಿಹೋಗಿತ್ತು. ಆಮೇಲೆ 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಎಲ್ಲರಿಗೂ ಟಾರ್ಟನ್ ಉಡಿಸಿ ಮೆರವಣಿಗೆ ಮಾಡಿಸಿದ. ದೊರೆಯೂ ಕಿಲ್ಟ್ ತೊಟ್ಟ. 1842ರಲ್ಲಿ ಸೊಬಿಯೆಸ್ಕಿ ಸ್ಟುವರ್ಟ್ ಅಂತ ಹೆಸರಿಟ್ಟುಕೊಂಡ ಇಬ್ಬರು ಅಣ್ಣತಮ್ಮಂದಿರು, ಹಳೇ ಹಸ್ತಪ್ರತಿ ಸಿಕ್ಕಿದೆ ಅಂತ ಹೇಳಿ ಮನೆತನಕ್ಕೊಂದು ಟಾರ್ಟನ್ ಹಂಚುವ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಹಸ್ತಪ್ರತಿ ಖೊಟ್ಟಿ. ಆ ಪುಸ್ತಕದ ಎಷ್ಟೋ ಚೌಕಳಿಗಳು ಇವತ್ತಿಗೂ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಅಂದರೆ ಸ್ಯಾಟಿನ್ ಹುಚ್ಚು ಇವರಿಗೂ ಬಂದು ಹೋದದ್ದೇ. ಅಂಚು ಮಗುಚಿ ನೋಡುವ ಈ ಹಟ ಅದನ್ನು ತೊಳೆಯುವುದಕ್ಕೆ ಶುರುವಾದದ್ದು.

ಇನ್ನೊಂದನ್ನೂ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ಕೊಡಗಿನ ಮದುವೆಗೆ ಹೋದರೆ ಕುಪ್ಯ ಉಟ್ಟು ಚೇಲೆ ಕಟ್ಟಿ ಪೀಚೆಕತ್ತಿ ಸಿಕ್ಕಿಸಿದವರು ಯಾರ ವೇಷವನ್ನೂ ಹಾಕಿರುವುದಿಲ್ಲ. ಅದು ಅವರ ಬಟ್ಟೆ, ಅಷ್ಟೇ. ಚಳ್ಳಕೆರೆಯ ಕಡೆ ಇವತ್ತಿಗೂ ಕರಿ ಕಂಬಳಿ ನೇಯುತ್ತಾರೆ. ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಹಿಂದೆ ಹೋಗುವವನಿಗೆ ಹೊಲಿಗೆ ಪರೀಕ್ಷೆ ಮಾಡುವವರು ಬೇಕಿಲ್ಲ. ಇಳಕಲ್ ಸೀರೆಗೂ ಟೋಪಿ ತೆನಿ ಸೆರಗು ಹೇಗಿರಬೇಕು ಅಂತ ಹಳೇ ಚಿತ್ರ ನೋಡಿ ಕಲಿಯಬೇಕಾಗಿಲ್ಲ, ಅಜ್ಜಿ ಇದ್ದಾರೆ. ರಾತ್ರಿ ಹತ್ತಕ್ಕೆ "ನಾಳೆ ಶಾಲೆಯಲ್ಲಿ ರಾಯಣ್ಣ" ಅಂತ ಮಗು ಹೇಳಿದಾಗ ಅಪ್ಪ ಅಮ್ಮ ಕೈಗೆ ಸಿಕ್ಕಿದ್ದನ್ನು ತೊಡಿಸುತ್ತಾರೆ. ಅವರನ್ನೂ ಬಿಟ್ಟುಬಿಡೋಣ.

ಟಿವಿಯಲ್ಲಿ ಐತಿಹಾಸಿಕ ಧಾರಾವಾಹಿ ಮಾಡುವವರಿಗೆ ಮಾತ್ರ ಈ ರಿಯಾಯಿತಿ ಕೊಡಲಾರೆ. ಅವರಿಗೆ ದುಡ್ಡಿದೆ, ಟೈಮಿದೆ, ವಸ್ತ್ರ ವಿನ್ಯಾಸಕ್ಕೆ ಅಂತ ಸಂಬಳದ ಮೇಲೆ ಜನ ಇದ್ದಾರೆ. ತಿರುಮಲಕ್ಕೆ ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು.