ಆ ನಂಬರು ಈಗ ಯಾರದೋ

ಕಳೆದ ಭಾನುವಾರ ಸಂಜೆಯಿಂದ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಧಾರವಾಡದ ಗೆಳೆಯರೊಬ್ಬರು ಫೋನ್ ಮಾಡಿದ್ದರು. ತಮ್ಮ ಕಾಲೇಜಿನ ಕಾರ್ಯಕ್ರಮಕ್ಕೆ ತೊಗಲುಗೊಂಬೆಯಾಟದ ತಂಡವೊಂದು ಬೇಕಾಗಿತ್ತೆಂದೂ, ಕಲಾವಿದರ ಆನ್‌ಲೈನ್ ಡೈರೆಕ್ಟರಿಯೊಂದರಲ್ಲಿ ಹುಡುಕಿದಾಗ ನಮ್ಮ ಕೊಪ್ಪಳ ಜಿಲ್ಲೆಯ ಹಿರಿಯ ಕಲಾವಿದರೊಬ್ಬರ ಹೆಸರು, ಫೋಟೊ, ನಂಬರು ಎಲ್ಲವೂ ಸಿಕ್ಕವೆಂದೂ, ಆ ನಂಬರಿಗೆ ಮೂರು ಸಲ ಕರೆ ಮಾಡಿದರೂ ಯಾರೋ ಯುವಕ 'ರಾಂಗ್ ನಂಬರ್' ಎಂದು ಗದರಿ ಕಟ್ ಮಾಡಿದನೆಂದೂ ಹೇಳಿದರು. ದಿನ ಹತ್ತಿರ ಬಂದಿದ್ದರಿಂದ ಬೇರೆ ದಾರಿ ಕಾಣದೆ ಜಾದೂ ಪ್ರದರ್ಶನದವರಿಗೆ ಮುಂಗಡ ಕೊಟ್ಟುಬಿಟ್ಟಿದ್ದರು. ಆ ಕಲಾವಿದರು ನನಗೆ ಗೊತ್ತೇ ಎಂದು ಕೇಳಲು, ಎಲ್ಲ ಮುಗಿದ ಮೇಲೆ, ನನಗೆ ಕರೆ ಮಾಡಿದ್ದರು.

ಗೊತ್ತು. ಅವರ ಮನೆಗೆ ನನ್ನ ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ.

ಅಂದೇ ಹೋದೆ. ಕಟ್ಟೆಯ ಮೇಲೆ ಕುಳಿತು ಒಂದು ಹಳೆಯ ಗೊಂಬೆಯ ತೋಳನ್ನು ಭುಜಕ್ಕೆ ದಾರದಿಂದ ಮತ್ತೆ ಗಂಟು ಹಾಕುತ್ತಿದ್ದರು. ಆ ಗಂಟು ಬಿಗಿಯಾದರೆ ಕೈ ಆಡುವುದಿಲ್ಲ, ಸಡಿಲವಾದರೆ ಪರದೆಯ ಮೇಲೆ ಕೈ ಜೋತುಬೀಳುತ್ತದೆ. ಅವರು ಒಂದೊಂದು ಸಲ ಗಂಟು ಹಾಕಿದ ಮೇಲೂ ಗೊಂಬೆಯನ್ನು ಬೆಳಕಿಗೆ ಹಿಡಿದು ಕೈ ಬೀಸಿಸಿ ನೋಡಿ, ಒಪ್ಪಿಗೆಯಾಗದೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. ನಾನು ನಂಬರಿನ ವಿಷಯ ಎತ್ತಿದಾಗ ತಲೆ ಎತ್ತದೆಯೇ ಹೇಳಿದರು: "ಆ ನಂಬರ್ ಹೋಗಿ ಭಾಳ ದಿನ ಆತ್ರಿ ಮಾಸ್ತರ. ರೀಚಾರ್ಜ್ ಮಾಡಸಾಕ ಆಗಲಿಲ್ಲ, ಬಂದ್ ಆತು. ಈಗ ಮಗನ ನಂಬರ್ ಐತಿ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಯಾರರ ಫೋನ್ ಮಾಡಿದ್ರೇನ್ರಿ?" ಎಂದು ಕೇಳಿದರು. ಒಂದು ಆಟ ಕೈತಪ್ಪಿತೆಂದು ಅವರ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗೆ ಬರಲಿಲ್ಲ.

ಇದರಲ್ಲಿ ಅವರ ತಪ್ಪೇನಿದೆ? ಪ್ರಿಪೇಯ್ಡ್ ಸಿಮ್ ಅನ್ನು 90 ದಿನ ಬಳಸದೆ, ಹಣವನ್ನೂ ತುಂಬಿಸದೆ ಬಿಟ್ಟರೆ ಕಂಪನಿಯವರು ಸಂಪರ್ಕ ಕಡಿತಗೊಳಿಸಬಹುದು. ಅದಾದ ಮೇಲೆ ಇನ್ನು 90 ದಿನ ಕಳೆದರೆ ಅದೇ ನಂಬರನ್ನು ಬೇರೊಬ್ಬರಿಗೆ ಕೊಡಬಹುದು. ಆರು ತಿಂಗಳು ಸಾಕು, ಒಬ್ಬ ಕಲಾವಿದರ ನಂಬರು ಯಾವುದೋ ಊರಿನ ಅಪರಿಚಿತ ಯುವಕನದಾಗಲು. ಜಾತ್ರೆಯ ದಿನಗಳಲ್ಲಿ ನಾಲ್ಕು ಕಾಸು ಕಂಡು, ಮಳೆಗಾಲದಲ್ಲಿ ಕೂಲಿಗೆ ಹೋಗುವ ಮನೆಗಳಲ್ಲಿ ಮೊದಲು ನಿಲ್ಲುವುದು ಫೋನಿನ ರೀಚಾರ್ಜೇ. ಡೈರೆಕ್ಟರಿ ಕಟ್ಟಿದವರಿಗೆ ಇದು ಗೊತ್ತಿರಬೇಕಾಗಿತ್ತು. ಕಲಾವಿದರ ಬದುಕು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯದೆ ಅವರ ಪಟ್ಟಿ ಮಾಡಲು ಹೊರಟರೆ ಆಗುವುದೇ ಹೀಗೆ.

ತಿದ್ದಿಸೋಣವೆಂದು ಅಲ್ಲಿಯೇ ಕುಳಿತು ನನ್ನ ಫೋನಿನಲ್ಲಿ ಆ ಡೈರೆಕ್ಟರಿಯನ್ನು ತೆರೆದೆ. 'ವಿವರ ಬದಲಾಯಿಸಿ' ಎಂಬುದನ್ನು ಒತ್ತಿದರೆ ಒಟಿಪಿ ಕೇಳಿತು. ಒಟಿಪಿ ಹೋಗುವುದು ಎಲ್ಲಿಗೆ? ಆ ಹಳೆಯ ನಂಬರಿಗೆ. ನಂಬರು ತಪ್ಪಾಗಿದೆ ಎಂದು ಹೇಳಲು ಆ ತಪ್ಪು ನಂಬರೇ ಬೇಕು. ಬೇರೆ ದಾರಿ ಹುಡುಕಿದೆ. ಒಂದು ಇಮೇಲ್ ವಿಳಾಸವಿತ್ತು. ಬರೆದೆ. ನಿಮ್ಮ ಸಂದೇಶ ತಲುಪಿದೆ ಎಂಬ ಯಾಂತ್ರಿಕ ಉತ್ತರವೊಂದು ಆ ಕ್ಷಣವೇ ಬಂತು, ಆಮೇಲೆ ಏನೂ ಇಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ತನ್ನ ಬಗೆಗಿನ ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಮಾನ್ಯ ಮಾಡಿದೆ. ಆದರೆ ಆ ಹಕ್ಕನ್ನು ಹಿಡಿದುಕೊಂಡು ಆ ಹಿರಿಯರು ಯಾರ ಬಾಗಿಲು ತಟ್ಟಬೇಕು? ಆ ಬಾಗಿಲಿನ ಹಿಂದೆ ಮನುಷ್ಯರೇ ಇಲ್ಲ.

ನನ್ನ ಸಿಟ್ಟೆಲ್ಲ ಇದೊಂದೇ ಮಾತಿನ ಸುತ್ತ. ಪಟ್ಟಿ ಮಾಡುವ ದಿನ ಎಲ್ಲರೂ ಇರುತ್ತಾರೆ, ಪಟ್ಟಿಯನ್ನು ಕಾಯಲು ಯಾರೂ ಇರುವುದಿಲ್ಲ.

ಮರುದಿನ ಶಾಲೆ ಮುಗಿಸಿ ಬಂದು ಅದೇ ಡೈರೆಕ್ಟರಿಯಲ್ಲಿ ನಮ್ಮ ಭಾಗದ ನಮೂದುಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಕುಳಿತೆ. 'ತೊಗಲುಗೊಂಬೆ' ಎಂದು ಕೂಡಿಸಿ ಬರೆದರೆ ಬರುವ ಹೆಸರುಗಳು 'ತೊಗಲು ಗೊಂಬೆ' ಎಂದು ಬಿಡಿಸಿ ಬರೆದರೆ ಬರುವುದಿಲ್ಲ. 'ಕಿನ್ನಾಳ' ಎಂದರೆ ಕೆಲವರು, 'ಕಿನ್ಹಾಳ' ಎಂದರೆ ಬೇರೆ ಕೆಲವರು. ಊರು ಒಂದೇ, ಬೀದಿಯೂ ಒಂದೇ. ಇನ್ನು ಕೆಲವು ನಮೂದುಗಳಲ್ಲಿ ಕಲಾವಿದರ ಪರಿಚಯವಿರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಿತ್ತು. ಹಳೆಯ 'ನುಡಿ' ತಂತ್ರಾಂಶದ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ಓದಿಸುವ ಯೂನಿಕೋಡ್‌ಗೆ ಪರಿವರ್ತಿಸದೆ ಹಾಗೆಯೇ ತಂದು ಅಂಟಿಸಿದರೆ ಹೀಗಾಗುತ್ತದೆಂದು ಕನ್ನಡದಲ್ಲಿ ಟೈಪು ಮಾಡುವ ಎಲ್ಲರಿಗೂ ಗೊತ್ತು. ಯೂನಿಕೋಡ್‌ನಲ್ಲಿ ಕನ್ನಡವಿರುವುದು 1991ರಿಂದ. ಆ ಪುಟವನ್ನು ಪ್ರಕಟಿಸಿದ ಮೇಲೆ ಒಬ್ಬರಾದರೂ ಒಂದೇ ಒಂದು ಸಲ ತೆರೆದು ಓದಿದ್ದರೆ ಈ ತಪ್ಪು ಉಳಿಯುತ್ತಿತ್ತೇ?

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರೊಬ್ಬರ ನಮೂದನ್ನು ಓದಿದಾಗಲಂತೂ ಕಣ್ಣು ಉರಿಯಿತು. 'ತಿರುಗಣಿಯಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಗೊಂಬೆಗಳು' ಎಂದು ಬರೆದಿದ್ದಾರೆ. ಅದು ಚನ್ನಪಟ್ಟಣದ ಕ್ರಮ. ಅಲ್ಲಿ ಹಾಲೆಮರವನ್ನು ಲೇತ್‌ಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಾರೆ. ಕಿನ್ನಾಳದವರು ಹಗುರವಾದ ಮರವನ್ನು ಕೈಯಿಂದ ಕೆತ್ತಿ, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಮೇಲೆ ಕುಂಚದಿಂದ ಬಣ್ಣ ಬರೆಯುತ್ತಾರೆ. ಎರಡು ಊರಿನ ಗೊಂಬೆಗಳಿಗೂ ಭೌಗೋಳಿಕ ಸೂಚಕದ ಮಾನ್ಯತೆ ಬೇರೆಬೇರೆಯಾಗಿಯೇ ಸಿಕ್ಕಿದೆ, ಸಿಕ್ಕಿರುವುದು ಈ ವ್ಯತ್ಯಾಸಕ್ಕಾಗಿಯೇ. ಆ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ. ಆ ಊರಿನಲ್ಲಿ ಇಂದು ಯಾವ ಮನೆಯಲ್ಲಿ ಕೆತ್ತನೆ ನಡೆಯುತ್ತಿದೆ, ಯಾರನ್ನು ಕೇಳಿದರೆ ಗೌರಿ ಹಬ್ಬಕ್ಕೆ ಮೂರ್ತಿ ಮಾಡಿಕೊಡುತ್ತಾರೆ ಎಂದು ತಿಳಿಸಬೇಕಾದದ್ದು ಡೈರೆಕ್ಟರಿಯ ಕೆಲಸ. ಅದು ತಿಳಿಸುವುದು ತಪ್ಪು ವಿವರವನ್ನಾದರೆ, ಗೊಂಬೆ ನೋಡಲು ಬಂದವರು ಕಲಾವಿದರನ್ನೇ ಸುಳ್ಳರೆಂದುಕೊಂಡು ಹೋಗುತ್ತಾರೆ. ಇದಲ್ಲದೆ 'ಗೊಂಬೆ' ಎಂಬ ಒಂದೇ ವಿಭಾಗದಡಿ ಮರದ ಗೊಂಬೆ, ಸೂತ್ರದ ಗೊಂಬೆ, ತೊಗಲುಗೊಂಬೆ ಎಲ್ಲವನ್ನೂ ತುಂಬಿದ್ದಾರೆ. ದಸರೆಗೆ ಗೊಂಬೆ ಕೂರಿಸುವವರು ಮೇಕೆಯ ಚರ್ಮ ಹದ ಮಾಡಿ ರಾಮಾಯಣ ಆಡಿಸುವವರಿಗೆ ಕರೆ ಮಾಡಿ ಪಟ್ಟದ ಗೊಂಬೆಯ ಬೆಲೆ ಕೇಳುತ್ತಾರೆ.

ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯಲ್ಲಿ ಎಂಥ ಸಂಭ್ರಮವಿತ್ತೆಂದು ನಿಮಗೆಲ್ಲ ನೆನಪಿದೆ. ತೊಗಲುಗೊಂಬೆ ಎಂಬ ಹೆಸರನ್ನೇ ಕೇಳದಿದ್ದ ಮಕ್ಕಳೂ ನನ್ನ ತರಗತಿಯಲ್ಲಿ ಆ ಆಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕರ ಬಗ್ಗೆ ಕೇಳಿದರು. ಒಂದು ಕಲೆಯ ಮೇಲೆ ಹೊರಗಿನವರ ಕಣ್ಣು ಬೀಳುವುದು ಅಪರೂಪ. ಅಂಥ ಹೊತ್ತಿನಲ್ಲಿ ಹುಡುಕಿ ಬಂದವರನ್ನು ಆ ಕಲೆಯನ್ನು ಇನ್ನೂ ನಡೆಸುತ್ತಿರುವ ಉಳಿದ ಮನೆಗಳ ಬಾಗಿಲಿಗೂ ಕರೆದೊಯ್ಯಲು ಡೈರೆಕ್ಟರಿಯಂಥದ್ದು ಬೇಕು. ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಅದರ ಬೆಳಕು ಹತ್ತು ಮನೆಗೆ ಹಂಚಿಕೆಯಾಗಬೇಕಾದರೆ ಸರಿಯಾದ ವಿಳಾಸವಿರಬೇಕು.

ಈ ಮಾತನ್ನು ಒಬ್ಬ ತರುಣ ಮಿತ್ರರ ಮುಂದೆ ಹೇಳಿದಾಗ, ಡೈರೆಕ್ಟರಿಯ ಕಾಲ ಮುಗಿಯಿತು ಸರ್, ಕಲಾವಿದರೇ ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗೆ ಬರಬೇಕು ಎಂದರು. ಬರಲಿ, ನಾನು ಬೇಡವೆನ್ನುವುದಿಲ್ಲ. ಕೆಲವು ಕಲಾವಿದರ ಮಕ್ಕಳು ಚೆನ್ನಾಗಿಯೇ ನಡೆಸುತ್ತಿದ್ದಾರೆ. ಆದರೆ ರೀಲ್ಸ್ ನೋಡುವವರು ಬೇರೆ, ಆಟ ಮಾಡಿಸುವವರು ಬೇರೆ. ದೇವಸ್ಥಾನದ ಕಮಿಟಿಯವರು, ಶಾಲೆಯ ಮುಖ್ಯೋಪಾಧ್ಯಾಯರು, ಮದುವೆ ಮನೆಯ ಹಿರಿಯರು ಬೆರಳಾಡಿಸುತ್ತ ಕುಳಿತು ಅದೃಷ್ಟದಿಂದ ಸಿಕ್ಕವರನ್ನು ಕರೆಸುವುದಿಲ್ಲ; ಯಾವ ತಾಲ್ಲೂಕಿನಲ್ಲಿ ಯಾರಿದ್ದಾರೆ, ಎಷ್ಟು ಜನರ ಮೇಳ, ದೀಪ-ಪರದೆ ಅವರೇ ತರುತ್ತಾರೋ ನಾವು ಒದಗಿಸಬೇಕೋ ಎಂದು ವಿಚಾರಿಸುತ್ತಾರೆ. ಅದಕ್ಕೆ ಪಟ್ಟಿಯೇ ಬೇಕು. ಕರಾವಳಿಯತ್ತ ನೋಡಿ. ಕಟೀಲು ದೇವಸ್ಥಾನದ ಯಕ್ಷಗಾನ ಮೇಳಗಳ ಹರಕೆಯಾಟಗಳು ವರ್ಷಗಳ ಮುಂಚೆಯೇ ಬುಕ್ ಆಗಿರುತ್ತವೆ. ಆ ಆಟಗಳ ಹಿಂದೆ ಭಕ್ತಿಯಂತೂ ಇದೆ, ಜೊತೆಗೆ ಕೇಳಿದವರಿಗೆ ಉತ್ತರ ಕೊಡುವ, ತಾರೀಖು ಬರೆದಿಟ್ಟುಕೊಳ್ಳುವ ಒಂದು ದೇವಸ್ಥಾನದ ವ್ಯವಸ್ಥೆಯೂ ಇದೆ. ನಮ್ಮ ಭಾಗದ ತೊಗಲುಗೊಂಬೆಯವರಿಗೆ, ಸಣ್ಣಾಟದವರಿಗೆ, ಹಳೆ ಬಟ್ಟೆಯ ಹೊದಿಕೆ ಕೌದಿ ಹೊಲಿಯುವವರಿಗೆ ಅಂಥ ಆಸರೆಯಿಲ್ಲ. ಅವರಿಗೇ ಡೈರೆಕ್ಟರಿ ಹೆಚ್ಚು ಬೇಕು, ಕೆಡುತ್ತಿರುವುದೂ ಅವರ ನಮೂದುಗಳೇ.

ಪಟ್ಟಿಯನ್ನು ಕಾಯುವುದು ಹೇಗೆಂದು ನಾನು ನೋಡಿ ಕಲಿತದ್ದು ನಮ್ಮೂರಿನ ಹಾರ್ಮೋನಿಯಂ ಮಾಸ್ತರರಿಂದ. ಅವರು ಈಗಿಲ್ಲ. ಅವರ ಬಳಿ ರಟ್ಟು ಹಾಕಿಸಿದ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಊರು, ಕಲಾವಿದರ ಹೆಸರು, ಏನು ನುಡಿಸುತ್ತಾರೆ, ಯಾವ ಪಾತ್ರ ಕಟ್ಟುತ್ತಾರೆ, ನಂಬರು. ಜಾತ್ರೆ ಮುಗಿಸಿ ಬಂದ ಪ್ರತಿ ಸಲವೂ ಅದನ್ನು ತೆರೆದು ಕೂರುತ್ತಿದ್ದರು. ನಂಬರು ಬದಲಾದವರದ್ದನ್ನು ಕೆಂಪು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಹೊಸದು ಬರೆಯುತ್ತಿದ್ದರು. ಕೆಲವರ ಹೆಸರಿನ ಮುಂದೆ ನಾಲ್ಕು ನಾಲ್ಕು ನಂಬರು ಹೊಡೆದದ್ದಿತ್ತು, ಐದನೆಯದು ಸರಿಯಾಗಿತ್ತು. ತೀರಿಹೋದವರ ಹೆಸರನ್ನು ಮಾತ್ರ ಹೊಡೆಯುತ್ತಿರಲಿಲ್ಲ. ಪಕ್ಕದಲ್ಲಿ ಮಗನ ಹೆಸರನ್ನೋ ಶಿಷ್ಯನ ಹೆಸರನ್ನೋ ಬರೆದಿಡುತ್ತಿದ್ದರು. ಬಯಲಾಟ ಮಾಡಿಸುವ ಹಳ್ಳಿಯವರು ಮದ್ದಳೆಯವರು ಬೇಕೆಂದು ಅವರ ಮನೆಗೆ ಬಂದರೆ ಬರಿಗೈಲಿ ಹೋದದ್ದನ್ನು ನಾನು ಕಾಣೆ. ಕಂಪ್ಯೂಟರು ಅವರಿಗೆ ಗೊತ್ತಿರಲಿಲ್ಲ. ಪುಸ್ತಕವೊಂದು ನಿಜವಾಗಿರಬೇಕಾದರೆ ಅದನ್ನು ಮತ್ತೆ ಮತ್ತೆ ತೆರೆಯಬೇಕೆಂಬುದು ಗೊತ್ತಿತ್ತು.

ಇಷ್ಟೆಲ್ಲ ಬರೆದವನು ನನ್ನ ಪಾಲಿನದನ್ನೂ ಹೇಳಬೇಕು, ಹೇಳದಿದ್ದರೆ ಈ ಬರಹವೇ ಸುಳ್ಳಾಗುತ್ತದೆ. ಆ ಡೈರೆಕ್ಟರಿಯಲ್ಲಿ ನಮ್ಮ ಸುತ್ತಲಿನ ಹಲವು ಹೆಸರುಗಳನ್ನು ತುಂಬಿಸಿದವನು ನಾನೇ. ಎರಡು ವರ್ಷದ ಹಿಂದೆ ಒಂದು ರಜೆಯ ದಿನ ಮನೆಮನೆಗೆ ಹೋಗಿ, ಫೋಟೊ ತೆಗೆದು, ಫಾರ್ಮ್ ತುಂಬಿ ಕಳಿಸಿದ್ದೆ. ಸ್ವಂತ ಫೋನ್ ಇಲ್ಲದ ಕೌದಿ ಹೊಲಿಯುವ ತಾಯಿಯೊಬ್ಬರ ಹೆಸರಿನ ಮುಂದೆ ನನ್ನ ನಂಬರನ್ನೇ ಕೊಟ್ಟಿದ್ದೆ, ಕರೆ ಬಂದರೆ ನಾನೇ ತಿಳಿಸುತ್ತೇನವ್ವ ಎಂದು ಮಾತನ್ನೂ ಕೊಟ್ಟಿದ್ದೆ. ಒಂದು ಕರೆ ಬಂತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳು; ಉತ್ತರಪತ್ರಿಕೆಗಳ ನಡುವೆ ಕುಳಿತು, ಸಂಜೆ ಹೇಳಿ ಕಳಿಸುತ್ತೇನೆ ಎಂದೆ, ಮರೆತೆ. ನೆನಪಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು, ಬೆಂಗಳೂರಿನ ಆ ಹೆಣ್ಣುಮಗಳು ಬೇರೆ ಕಡೆಯಿಂದ ಕೌದಿ ತರಿಸಿಕೊಂಡಿದ್ದರು. ಅವ್ವನಿಗೆ ಇದನ್ನು ಹೇಳಿದ್ದು ಈ ಸೋಮವಾರ. "ಇರಲಿ ಬಿಡಪಾ" ಎಂದರು. ಆ ಎರಡು ಶಬ್ದ ನನ್ನನ್ನು ರಾತ್ರಿಯಿಡೀ ನಿದ್ದೆ ಮಾಡಗೊಡಲಿಲ್ಲ. ಹೆಸರು ತುಂಬಿಸಿದ ದಿನವೇ ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ. ಡೈರೆಕ್ಟರಿ ನಡೆಸುವವರ ಮೇಲೆ ನಾನು ಹೊರಿಸುತ್ತಿರುವ ತಪ್ಪನ್ನೇ ನಾನೂ ಮಾಡಿದ್ದೆ.

ಆದ್ದರಿಂದ ಕೇಳುತ್ತಿದ್ದೇನೆ, ಗಟ್ಟಿಯಾಗಿಯೇ ಕೇಳುತ್ತಿದ್ದೇನೆ. ಕಲಾವಿದರ ಡೈರೆಕ್ಟರಿ ನಡೆಸುವವರು ಯಾರೇ ಇರಲಿ, ವರ್ಷಕ್ಕೆ ಎರಡು ಸಲ ಪ್ರತಿಯೊಂದು ನಂಬರಿಗೂ ಕರೆ ಮಾಡಿ ಮಾತಾಡಿಸುವ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಪ್ರತಿ ನಮೂದಿನ ಕೆಳಗೆ ಅದನ್ನು ಕಡೆಯ ಸಲ ಪರಿಶೀಲಿಸಿದ ತಾರೀಖು ಕಾಣುವಂತಿರಲಿ, ಹುಡುಕುವವರಿಗೆ ಎಷ್ಟು ನಂಬಬೇಕೆಂದು ತಿಳಿಯುತ್ತದೆ. ಎರಡನೆಯ ನಂಬರಿಗೊಂದು ಜಾಗವಿರಲಿ, ಮಗನದೋ ಸೊಸೆಯದೋ. ಫೋನ್ ಕಳೆದುಕೊಂಡವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಕೇಳಿದರೆ ಅಲ್ಲಿನವರು ತಿದ್ದಿಕೊಡುವಂತಿರಲಿ. ಊರಿನ ಹೆಸರನ್ನು ಜನ ಹೇಗೆಲ್ಲ ಬರೆಯುತ್ತಾರೋ ಹಾಗೆಲ್ಲ ಬರೆದರೂ ಸಿಗುವಂತಿರಲಿ. ಇದಕ್ಕೆಲ್ಲ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಹೊಸ ಪುಟ, ಹೊಸ ಲೋಗೊ, ಹೊಸ ಉದ್ಘಾಟನೆಗೆ ಇಡುವ ಹಣದಲ್ಲಿ ಒಂದು ಪಾಲು ಸಾಕು.

ನನ್ನ ಮಟ್ಟಿಗೆ, ನಾನು ತುಂಬಿಸಿದ ನಮೂದುಗಳ ಮನೆಗಳಿಗೆ ಈ ವಾರ ಮತ್ತೆ ಹೋಗಿ ಬಂದೆ. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದಿದ್ದೇನೆ, ಕೆಂಪು ಪೆನ್ನನ್ನೂ ಇಟ್ಟುಕೊಂಡಿದ್ದೇನೆ. ಗೊಂಬೆಯಾಟದ ಹಿರಿಯರ ಮಗನ ನಂಬರು ಅದರ ಮೊದಲ ಪುಟದಲ್ಲಿದೆ. ಧಾರವಾಡದ ಗೆಳೆಯರು ಮುಂದಿನ ಕಾರ್ಯಕ್ರಮಕ್ಕೆ ಖಂಡಿತ ಕರೆಸುತ್ತೇವೆಂದು ಅವರೊಂದಿಗೆ ನೇರವಾಗಿ ಮಾತಾಡಿದ್ದಾರೆ, ತಾರೀಖು ಇನ್ನೂ ಗೊತ್ತಾಗಿಲ್ಲ. ಡೈರೆಕ್ಟರಿಯವರಿಗೆ ಮೂರನೆಯ ಇಮೇಲ್ ನಿನ್ನೆ ಕಳಿಸಿದೆ. ನಿಮ್ಮೂರಿನಲ್ಲಿ ಶಾಲೆಗೋ ಜಾತ್ರೆಗೋ ತೊಗಲುಗೊಂಬೆಯಾಟ ಮಾಡಿಸುವುದಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ, ಅವರನ್ನು ಒಂದು ಮಾತು ಕೇಳಿ ನಂಬರು ಕೊಡುತ್ತೇನೆ.