ಡಿಂಗ್ ಲಿರೆನ್‌ನನ್ನು ಆ ಒಂದು ತಪ್ಪಿಗೆ ಕಟ್ಟಿಹಾಕಬೇಡಿ

ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದದ್ದು 2024ರ ಡಿಸೆಂಬರ್ 12ರಂದು, ಸಿಂಗಾಪುರದಲ್ಲಿ. ಅವತ್ತಿನಿಂದ ಅದೇ ಕ್ಲಿಪ್ ತಿರುಗುತ್ತಾ ಇದೆ. 14ನೇ ಆಟ, 55ನೇ ನಡೆ. ಡ್ರಾ ಆಗಬೇಕಿದ್ದ ಆಟದಲ್ಲಿ, ಅಲ್ಲಿಯವರೆಗೆ ಚಾಂಪಿಯನ್ ಆಗಿದ್ದ ಚೀನಾದ ಡಿಂಗ್ ತನ್ನ ಆನೆಯನ್ನು ಅದಲುಬದಲಿಗೆ ಒಡ್ಡಿದ. ಆನೆ ಹೋಯಿತು. ಮೂಲೆಯಲ್ಲಿ ಕೂತಿದ್ದ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ, ಅದೂ ಹೋಯಿತು. ಉಳಿದದ್ದು ರಾಜ ಮತ್ತು ಕಾಲಾಳುಗಳು, ಅದರಲ್ಲಿ ಗುಕೇಶ್‌ಗೆ ಒಂದು ಜಾಸ್ತಿ. ಮುಗಿಯಿತು.

ಗುಕೇಶ್ ಗೆದ್ದದ್ದಕ್ಕೆ ನನಗೂ ಖುಷಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕ್ಲಿಪ್ ಕೆಳಗೆ ನಮ್ಮವರೇ ಬರೆದದ್ದು ನೋಡಿ: "ಸುಮ್ನೆ ಕಪ್ ಕೊಟ್ಟುಬಿಟ್ಟ", "ಕಾರ್ಲ್‌ಸನ್ ಆಡಲಿಲ್ಲ ಅಂತ ಇವನು ಚಾಂಪಿಯನ್ ಆಗಿದ್ದ". ಕಾರ್ಲ್‌ಸನ್ ಅಂದರೆ ಡಿಂಗ್‌ಗಿಂತ ಮೊದಲು ಚಾಂಪಿಯನ್ ಆಗಿದ್ದ ನಾರ್ವೆಯ ಆಟಗಾರ. ಮಾಜಿ ಚಾಂಪಿಯನ್ ಕ್ರಾಮ್ನಿಕ್ ಅಂತೂ ಚೆಸ್ ಕಥೆಯೇ ಮುಗಿಯಿತು ಅನ್ನೋ ಥರ ಬರೆದರು. ರಷ್ಯಾದ ಚೆಸ್ ಫೆಡರೇಷನ್ ಮುಖ್ಯಸ್ಥರು ಇನ್ನೂ ಮುಂದೆ ಹೋಗಿ, ಡಿಂಗ್ ಬೇಕಂತಲೇ ಸೋತನಾ ಅಂತ ತನಿಖೆ ಆಗಬೇಕು ಅಂದರು. ಬೇಕಂತಲೇ ಸೋಲುವವನು ಹಿಂದೆ ಬಿದ್ದ ಮರುದಿನವೇ, 12ನೇ ಆಟದಲ್ಲಿ, ಅಷ್ಟು ಚೆನ್ನಾಗಿ ಗೆದ್ದು ಸಮ ಮಾಡ್ತಾನಾ?

ಡಿಂಗ್ ವೆಂಝೌ ಊರಿನವನು, 1992ರಲ್ಲಿ ಹುಟ್ಟಿದ. ಚೀನಾದಲ್ಲಿ ಚೆಸ್‌ಗೆ ಹೆಸರಾದ ಊರು ಅದು. ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದ ಝು ಚೆನ್ ಕೂಡ ಅಲ್ಲಿಯವರೇ. 2009ರಲ್ಲಿ, ಇನ್ನೂ 16 ವರ್ಷದ ಹುಡುಗ, ಚೀನಾದ ರಾಷ್ಟ್ರೀಯ ಚಾಂಪಿಯನ್ ಆದ. ಆಮೇಲೆ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ.

ಅವನ ನಿಜವಾದ ಕಾಲ 2017ರಿಂದ 2019. ಮೇಲ್ಮಟ್ಟದ ಆಟಗಾರರ ನಡುವೆ ಸತತ 100 ಕ್ಲಾಸಿಕಲ್ (ಗಂಟೆಗಟ್ಟಲೆ ನಡೆಯುವ) ಆಟ ಸೋಲಲೇ ಇಲ್ಲ. 29 ಗೆಲುವು, 71 ಡ್ರಾ. ನಡುವೆ 2018ರಲ್ಲಿ ನಾರ್ವೆ ಟೂರ್ನಿಯ ರಜೆ ದಿನ ಸೈಕಲ್‌ನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ, ಆಪರೇಷನ್ ಆಯಿತು. ಅದೇ ವರ್ಷ ಬಟುಮಿಯಲ್ಲಿ ನಡೆದ ದೇಶ-ದೇಶಗಳ ತಂಡಗಳ ಟೂರ್ನಿ ಒಲಿಂಪಿಯಾಡ್‌ನಲ್ಲಿ ಚೀನಾದ ಮೊದಲ ಬೋರ್ಡ್‌ನಲ್ಲಿ ಆಡಿದ, ತಂಡಕ್ಕೆ ಚಿನ್ನ ಬಂತು. ಆಟಗಾರನ ಬಲ ಅಳೆಯುವ ರೇಟಿಂಗ್‌ನಲ್ಲಿ 2800 ದಾಟಿದ ಮೊದಲ ಚೀನೀ ಆಟಗಾರ ಅವನು. 2019ರ ಸಿಂಕ್‌ಫೀಲ್ಡ್ ಕಪ್ ಟೈಬ್ರೇಕ್‌ನಲ್ಲಿ ಸೋಲಿಸಿದ್ದು ಯಾರನ್ನ? ಅದೇ ಕಾರ್ಲ್‌ಸನ್‌ನನ್ನ.

2022ರಲ್ಲಿ ಯುಕ್ರೇನ್ ಯುದ್ಧವನ್ನು ಬೆಂಬಲಿಸಿದ್ದಕ್ಕೆ ರಷ್ಯಾದ ಆಟಗಾರ ಕರ್ಯಾಕಿನ್‌ಗೆ ನಿಷೇಧ ಬಿತ್ತು, ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಒಂದು ಜಾಗ ಖಾಲಿಯಾಯಿತು. ರೇಟಿಂಗ್ ಪ್ರಕಾರ ಅದು ಡಿಂಗ್‌ಗೆ ಸಿಗಬೇಕು. ಆದರೆ ಕೋವಿಡ್ ಕಾರಣಕ್ಕೆ ಅವನು ಹೊರಗೆ ಹೋಗಿ ಆಡಿರಲೇ ಇಲ್ಲ, ನಿಯಮದಲ್ಲಿ 30 ಆಟ ಬೇಕು. ಚೀನಾದವರು ಒಂದೇ ತಿಂಗಳಲ್ಲಿ ಅಲ್ಲೇ ಆಟಗಳನ್ನು ಏರ್ಪಡಿಸಿದರು, ಅವನು ಆಡಿ ಲೆಕ್ಕ ಸರಿಮಾಡಿಕೊಂಡ. ಇದನ್ನು ಹಿಂಬಾಗಿಲು ಅನ್ನೋರು ಇದ್ದಾರೆ. ಇರಲಿ. ಆ ಟೂರ್ನಿಗೆ ಮ್ಯಾಡ್ರಿಡ್‌ಗೆ ಹೋಗಿ ಎರಡನೇ ಸ್ಥಾನ ಪಡೆದದ್ದು ಬೋರ್ಡ್ ಮೇಲೆ ತಾನೇ? ಕೊನೆಯ ಸುತ್ತಿನಲ್ಲಿ ನಕಾಮುರಾನನ್ನು ಸೋಲಿಸಿ! ಕಾರ್ಲ್‌ಸನ್ ಪಟ್ಟ ಬೇಡ ಅಂದ, ಹಾಗಾಗಿ ಪಟ್ಟಕ್ಕೆ ಆಡಿದ್ದು ಆ ಟೂರ್ನಿಯ ಮೊದಲ ಇಬ್ಬರು. ಅದು ಕಾರ್ಲ್‌ಸನ್‌ನ ನಿರ್ಧಾರ, ಅದಕ್ಕೆ ಡಿಂಗ್ ಏನು ಮಾಡೋಕೆ ಆಗುತ್ತೆ?

2023ರ ಏಪ್ರಿಲ್‌ನಲ್ಲಿ ಅಸ್ತಾನಾದಲ್ಲಿ ಪಟ್ಟದ ಪಂದ್ಯ, ರಷ್ಯಾದ ನೆಪೋಮ್ನಿಯಾಶ್ಚಿ ಎದುರು. ಮೊದಲ ದಿನವೇ ಪತ್ರಕರ್ತರ ಮುಂದೆ ಕೂತು ತನ್ನ ಮನಸ್ಸು ಸರಿಯಿಲ್ಲ ಅಂತ ಹೇಳಿಕೊಂಡ. ಎಷ್ಟು ಜನ ಹಾಗೆ ಹೇಳ್ತಾರೆ, ಅದೂ ವಿಶ್ವ ಪಟ್ಟದ ಪಂದ್ಯದಲ್ಲಿ, ಎದುರಾಳಿ ಕೇಳಿಸಿಕೊಳ್ತಾ ಇರುವಾಗ? ಮೂರು ಸಲ ಹಿಂದೆ ಬಿದ್ದ, ಮೂರು ಸಲವೂ ಸಮ ಮಾಡಿದ. 14 ಆಟ ಮುಗಿದಾಗ 7-7. ಆಮೇಲೆ ಪಟ್ಟ ತೀರ್ಮಾನಿಸಲು ಕಡಿಮೆ ಸಮಯದ ಆಟಗಳು. ರ‍್ಯಾಪಿಡ್ ಟೈಬ್ರೇಕ್‌ನ ನಾಲ್ಕನೇ ಆಟದಲ್ಲಿ ಅವನದು ಕಪ್ಪು ಕಾಯಿ, ಸಮಯ ಹತ್ತಿರ ಹತ್ತಿರ ಖಾಲಿ, ನಡೆಗಳು ಮರುಕಳಿಸಿ ಡ್ರಾ ಆಗೋದರಲ್ಲಿತ್ತು. ಡಿಂಗ್ ಡ್ರಾ ಬೇಡ ಅಂದ. ಚೆಕ್ ತಡೆಯಲು ತನ್ನ ಆನೆಯನ್ನೇ ರಾಜನ ಮುಂದೆ ತಂದು ನಿಲ್ಲಿಸಿದ, ಆ ಆನೆ ಅಲ್ಲಿಂದ ಅಲ್ಲಾಡೋ ಹಾಗಿಲ್ಲ. ಹೆದರಿದವನು ಆಡೋ ನಡೆ ಅಲ್ಲ ಅದು. ಆ ಆಟ ಗೆದ್ದೇ ಅವನು 17ನೇ ವಿಶ್ವ ಚಾಂಪಿಯನ್ ಆದ.

ಆಮೇಲೆ ಕುಸಿದ. ಖಿನ್ನತೆ, ನಿದ್ದೆ ಇಲ್ಲ, ತಿಂಗಳುಗಟ್ಟಲೆ ಆಟ ಇಲ್ಲ. 2024ರ ನಾರ್ವೆ ಟೂರ್ನಿಯಲ್ಲಿ ಕೊನೆಯ ಸ್ಥಾನ. ಸಿಂಗಾಪುರಕ್ಕೆ ಬರುವಾಗ ರೇಟಿಂಗ್ 2728ಕ್ಕೆ ಇಳಿದಿತ್ತು, ಜನವರಿಯ ನಂತರ ಒಂದು ಕ್ಲಾಸಿಕಲ್ ಆಟವನ್ನೂ ಗೆದ್ದಿರಲಿಲ್ಲ. ಗುಕೇಶ್ ಬೇಗ ಮುಗಿಸಿಬಿಡ್ತಾನೆ ಅಂತಲೇ ಎಲ್ಲರ ಲೆಕ್ಕ. ಡಿಂಗ್ ಮೊದಲ ಆಟವನ್ನೇ ಕಪ್ಪು ಕಾಯಿಯಲ್ಲಿ ಗೆದ್ದ, ಕೊನೆಯ ಆಟದವರೆಗೂ ಎಳೆದ. ನನ್ನ ಪ್ರಕಾರ 7.5-6.5ರ ಆ ಸೋಲು ಅವನ ಎಷ್ಟೋ ಗೆಲುವುಗಳಿಗಿಂತ ದೊಡ್ಡದು. ಸೋತ ಮೇಲೆ ಏನೂ ವಿಷಾದವಿಲ್ಲ ಅಂದ. ಗುಕೇಶ್ ಕೂಡ ಅವತ್ತು ಡಿಂಗ್ ನಿಜವಾದ ಚಾಂಪಿಯನ್ ಅಂತಲೇ ಹೇಳಿದ. ಗೆದ್ದವನಿಗೆ ಇದ್ದ ಮರ್ಯಾದೆ ಅವನ ಅಭಿಮಾನಿಗಳಿಗೆ ಯಾಕಿಲ್ಲ?

ಕ್ಲಿಪ್ ಹಂಚಲೇಬೇಕು ಅಂದರೆ 2017ರ ಚೀನೀ ಲೀಗ್‌ನಲ್ಲಿ ಬಾಯ್ ಜಿನ್ಶಿ ಎದುರು ಡಿಂಗ್ ಆಡಿದ ಆಟ ಹುಡುಕಿ. ಮಂತ್ರಿಯನ್ನೇ ಬಿಟ್ಟುಕೊಟ್ಟು, ಎದುರಾಳಿಯ ರಾಜನನ್ನು ಮನೆಯಿಂದ ಹೊರಗೆಳೆದು ಓಡಾಡಿಸಿದ್ದಾನೆ. ಚೆಸ್ ಅಷ್ಟೇನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನೋಡಿ.