ಸ್ಪಷ್ಟನೆ: ಒಂದೇ ಚಿತ್ರದ ಇಮೇಲ್ ಎಲ್ಲ ಕಡೆ ಸರಿಯಾಗಿ ಕಾಣುವುದಿಲ್ಲ

ಚಿಕ್ಕಮಗಳೂರಿನ ಹೋಂಸ್ಟೇ, ಕಾಫಿಪುಡಿ ಮಾರಾಟಗಾರರ ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಲಹೆ ಓಡಾಡುತ್ತಿದೆ: 'ಕೋಡ್ ತಲೆನೋವು ಬೇಡ, ಇಡೀ ಇಮೇಲನ್ನು ಒಂದೇ ಪೋಸ್ಟರ್ ಚಿತ್ರ ಮಾಡಿ ಕಳಿಸಿ, ಎಲ್ಲರಿಗೂ ಒಂದೇ ಥರ ಕಾಣುತ್ತದೆ.' ಇದು ತಪ್ಪು.

ಕಚೇರಿಗಳಲ್ಲಿ ಬಳಸುವ ಇಮೇಲ್ ತಂತ್ರಾಂಶ ಔಟ್‌ಲುಕ್ ಸಾಮಾನ್ಯವಾಗಿ ಹೊರಗಿನ ಚಿತ್ರಗಳನ್ನು ತಾನಾಗಿ ತೋರಿಸುವುದಿಲ್ಲ. ಆಗ ಬೆಂಗಳೂರಿನ ಗ್ರಾಹಕರಿಗೆ ಬಾಡಿಗೆಯೂ ಇಲ್ಲ, ಫೋನ್ ನಂಬರೂ ಇಲ್ಲ, ಖಾಲಿ ಚೌಕ ಮಾತ್ರ. ಮೊಬೈಲಿನಲ್ಲಿ ಚಿತ್ರ ಕುಗ್ಗಿ ಸಣ್ಣ ಅಕ್ಷರ ಓದಲಾಗದು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆಲ್ಟ್ ಪಠ್ಯವಿಲ್ಲದ (ಚಿತ್ರದಲ್ಲಿ ಏನಿದೆ ಎಂದು ಕೋಡ್‌ನಲ್ಲಿ ಬರೆಯುವ ವಿವರಣೆ) ಪೋಸ್ಟರಿನಲ್ಲಿ ಇರುವುದನ್ನು ಸಾಮಾನ್ಯವಾಗಿ ಓದಿ ಹೇಳಲಾರದು; ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಲೋಪ.

ಬೆಲೆ, ದಿನಾಂಕ, ವಿಳಾಸ ಅಕ್ಷರದಲ್ಲೇ ಇರಲಿ. ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ ಬರೆಯಿರಿ. ಹೊರ ಚೌಕಟ್ಟಿಗೆ 600 ಪಿಕ್ಸೆಲ್ ಅಗಲದ ಟೇಬಲ್ (ಕೋಷ್ಟಕ) ಬಳಸಿ. ಟೇಬಲ್ ಹಳೇ ಪದ್ಧತಿ ಎನ್ನುವವರಿದ್ದಾರೆ, ಆದರೆ ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್ 2007ರ ಆವೃತ್ತಿಯಿಂದಲೂ ವರ್ಡ್‌ನ ಎಂಜಿನ್ (ಪುಟವನ್ನು ಪರದೆಯ ಮೇಲೆ ಮೂಡಿಸುವ ಭಾಗ) ಬಳಸಿಯೇ ಇಮೇಲ್ ತೋರಿಸುತ್ತದೆ. ಫ್ಲೆಕ್ಸ್ (ಭಾಗಗಳ ಜೋಡಣೆ), ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ), ದುಂಡು ಮೂಲೆ ಎಂಬ ವಿನ್ಯಾಸ ಸೂಚನೆಗಳು ಅದಕ್ಕೆ ತಿಳಿಯವು. ಹಾಗಾಗಿ ಚಿತ್ರದ ಅಗಲವನ್ನು ಸಿಎಸ್‌ಎಸ್‌ನಲ್ಲಷ್ಟೇ (ವಿನ್ಯಾಸ ಹೇಳುವ ಕೋಡ್) ಅಲ್ಲ, ಇಮೇಜ್ ಟ್ಯಾಗಿನ (ಚಿತ್ರ ಸೇರಿಸುವ ಕೋಡ್) ವಿಡ್ತ್‌ನಲ್ಲೂ ಕೊಡಿ. ಇಲ್ಲವಾದರೆ 2000 ಪಿಕ್ಸೆಲ್‌ನ ಮುಳ್ಳಯ್ಯನಗಿರಿ ಫೋಟೊ ಚೌಕಟ್ಟನ್ನೇ ಹಿಗ್ಗಿಸಿಬಿಡುತ್ತದೆ. ಪ್ಯಾಡಿಂಗ್ (ಅಂಚಿನ ಒಳಗೆ ಬಿಡುವ ಖಾಲಿ ಜಾಗ) ಟೇಬಲ್‌ನ ಸೆಲ್‌ಗೇ ಇರಲಿ.

'ಚಿತ್ರ ಭಾರವಾದರೆ ಜಿಮೇಲ್ ಇಮೇಲನ್ನು ಅರ್ಧಕ್ಕೆ ಕತ್ತರಿಸುತ್ತದೆ' ಎಂಬ ಮಾತೂ ಹರಿದಾಡುತ್ತಿದೆ. ಅದೂ ತಪ್ಪು; ಕತ್ತರಿಸುವುದು ಎಚ್‌ಟಿಎಂಎಲ್ (ಇಮೇಲಿನ ಕೋಡ್) ಸುಮಾರು 102 ಕೆಬಿ ದಾಟಿದಾಗ. ಲಿಂಕ್ ಮೂಲಕ ಬರುವ ಚಿತ್ರದ ಗಾತ್ರ ಆ ಲೆಕ್ಕಕ್ಕೆ ಸೇರದು. ವರ್ಡ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಜೊತೆಗೆ ಬರುವ ಅನಗತ್ಯ ಕೋಡನ್ನು ಮೊದಲು ತೆಗೆಯಿರಿ.